ಒಂದು ಜ್ವಾಳದಷ್ಟು

ಬನಹಟ್ಟಿಯ ನಮ್ಮ ಪಡಸಾಲಿಯೊಳಗ
ಎತ್ತು ನಡಿಯಾಕ ಕಲಿಯಾಕತ್ತೈತಿ.
ನಡಸಾಕ ನಾನೂ.

ಮೂರು ಇಟ್ಟಂಗಿ, ಅದರ ಮ್ಯಾಲ ಹಿಟ್ಟಿನ ಡಬ್ಬಿ,
ಡಬ್ಬಿಗೆ ರಬ್ಬರ್ ಹಾಕಿ ಬಿಗಿದದ್ದು
ತಮ್ಮನ ಮಗಳು ದಾನಮ್ಮನ ಹಳೇ ಫೋನು.
ಗಾಜು ಸೀಳೈತಿ, ಕಣ್ಣು ಚೊಲೊ ಐತಿ.
ಎದುರಿಗೆ ಕಂಡಕಿ ಸುತ್ತೋ ಮಣಿ,
ಮಣಿ ಮ್ಯಾಲ ಎರಿಮಣ್ಣಿನ ಎತ್ತು.
ಅಮಾಸಿಗೆ ಇನ್ನೂ ಎಂಟು ದಿನ,
ಇಷ್ಟ ಲಗೂ ಯಾಕ ಮಾಡೀದಿ ಅಂತ
ಅವ್ವ ಎರಡು ಸರ್ತಿ ಕೇಳ್ಯಾಳ.

"ಸೆಕೆಂಡಿಗೆ ಹನ್ನೆರಡು ಫೋಟೋ, ಅತ್ತಿ"
ದಾನಮ್ಮ ಅಷ್ಟ ಹೇಳಿ ಕಾಲೇಜಿಗೆ ಹೋದಳು.
ಹನ್ನೆರಡು ಸಲ ಸರಿಸು, ಹನ್ನೆರಡು ಸಲ ಕೈ ತಗಿ,
ಹನ್ನೆರಡು ಸಲ ಉಸಿರು ಹಿಡಿ.
ಎಷ್ಟು ಸರಿಸಬೇಕು ಅಂತ ಹೇಳಲಿಲ್ಲ.
ಮೊದಲ ದಿನ ಬೆರಳಗಲ ಸರಿಸಿದೆ:
ಎತ್ತು ಮಿಡಚಿ ಹಂಗ ಜಿಗಿದು ಗ್ವಾದಲಿಗೆ ಬಿತ್ತು.
ಮರುದಿನ ಕೂದಲೆಳಿಯಷ್ಟು:
ನಿಂತಲ್ಲೇ ನಡಗಿತು, ಜ್ವರ ಬಂದಂಗ.
ಕಡೀಕ ಚೀಲದಾಗಿಂದ ಒಂದು ಬಿಳಿಜ್ವಾಳದ ಕಾಳು ತಂದೆ.
ಕಾಳು ಇಡು, ಅದಕ್ಕ ತಾಗಿಸಿ ಗೊರಸು ಇಡು,
ಕಾಳು ತಗಿ, ಕೈ ತಗಿ,
ಒತ್ತು.
ಈಗ ನೋಡ್ರಿ, ಎತ್ತು ಅಂದ್ರ ಎತ್ತು.

ಆದ್ರ ಗ್ವಾಡಿ ಆಚೆ ಮುರಿಗೆಪ್ಪ ಕಾಕಾನ ಆರು ಪಾವರ್‌ಲೂಮು.
ಕರೆಂಟ್ ಬಂದ್ರ ಲಾಳಿ ಬಡಿತಾವು, ನೆಲ ನಡಗತೈತಿ,
ಇಟ್ಟಂಗಿ ನಡಗತಾವು,
ಎರಡು ಕೊಂಬಿನ ಎತ್ತಿಗೆ ನಾಕು ಕೊಂಬು.
ಕರೆಂಟ್ ಹೋದ್ರ ಓಣಿಗೆ ಓಣಿನ ಗಪ್ಪು,
ನೆಲ ಕಲ್ಲಿನಂಗ ನಿಲ್ಲತೈತಿ,
ನನ್ನ ಬಲ್ಬೂ ಹೋಗಿರತೈತಿ.
ಬೆಳಕಿಂಡಿ ಬಿಸಿಲು ನಂಬಿದೆ, ಮಿರಗದ ಮೋಡ ಕೈ ಕೊಟ್ಟವು:
ಕೂಡಿಸಿ ನೋಡಿದ್ರ ಎತ್ತು
ಒಂದು ಹೆಜ್ಜಿ ಹಗಲಿನ್ಯಾಗ, ಒಂದು ಹೆಜ್ಜಿ ಸಂಜಿಯಾಗ.
ಉಳಿದದ್ದು ಕಾಕಾ ರೊಟ್ಟಿಗೆ ಕೂಡೋ ಅರ್ಧ ತಾಸು,
ಮಗ್ಗ ನಿಂತಿರತಾವು, ಬಲ್ಬು ಉರೀತಿರತೈತಿ.
ದಿನಾ ಒಂದು ಬಟ್ಟಲ ಪುಂಡಿಪಲ್ಯ ಕಳಸ್ತೇನಿ,
ಇನ್ನೊಂದು ರೊಟ್ಟಿ ಹೆಚ್ಚಿಗಿ ಉಣ್ಣಲಿ ಅಂತ.

ಫೋನಿನಾಗ ಒಂದು ಗುರುತು ಒತ್ತಿದ್ರ
ಹಿಂದಿನ ಫೋಟೋದ ಎತ್ತು ತೆಳ್ಳಗ ಕಾಣತೈತಿ,
ಹಾಲಿನ ಗಡಗಿ ತೊಳೆದ ನೀರಿನಂಗ.
ಆಗ ಇದ್ದದ್ದು, ಈಗ ಇರೋದು,
ನಡುವ ಒಂದು ಕಾಳು.
ಇಪ್ಪತ್ತೆರಡು ವರ್ಷ ಇದ ಮಣಿ ಮ್ಯಾಲ ಕೂತು ಕಂಡಕಿ ಸುತ್ತೇನಿ,
ನಿನ್ನಿ ನಾ ಎಲ್ಲಿದ್ದೆ ಅಂತ
ಯಾರೂ ಹಿಂಗ ತೋರಿಸಿದ್ದಿಲ್ಲ.

ಎಪ್ಪತ್ತಮೂರನೇ ಫೋಟೋಕ್ಕ
ಒಣಗಿದ ಹಿಂಗಾಲು ಕಟ್ ಅಂತ ಮುರೀತು.
ನೀರು ಹಚ್ಚಿದೆ, ಕಡ್ಡಿ ಚುಚ್ಚಿದೆ, ಕೂಡಲಿಲ್ಲ.
ಎಲಿ ಅಡಿಕಿ ದವಡಿಗೆ ಸರಿಸಿ ಅವ್ವ ಅಂದಳು:
"ಕುಂಟೆತ್ತು ನಡಿಯೂದಿಲ್ಲೇನು?"
ಹೆಂಗ ನಡೀತೈತಿ, ಹೇಳು ಮತ್ತ.
ಎದ್ದಳು. ಮೊಣಕಾಲು ಹಿಡಕೊಂಡು
ಪಡಸಾಲಿ ಒಂದು ಸುತ್ತು ಬಂದಳು.
ನಾ ಎಣಿಸಿದೆ:
ನೋವಿನ ಕಾಲಿಗೆ ಎರಡು ಫೋಟೋ,
ಚೊಲೊ ಕಾಲಿಗೆ ಐದು.
ಇಷ್ಟು ದಿನ ಮನಿಯಾಗ ಕೂಡೇ ಇದ್ದು
ಅವ್ವ ಯಾವ ಕಾಲು ಎಳೀತಾಳ ಅನ್ನೋದು ಗೊತ್ತಿರಲಿಲ್ಲ.

ಅಮಾಸಿಗೆ ಮಗ್ಗ ಬಂದ್.
ನೆಲ, ಬೆಳಕು, ಎರಡೂ ನಂದು.
ಸಂಜಿಗೆ ಹನ್ನೊಂದು ಸೆಕೆಂಡು ಆತು.
ಎತ್ತಿನ ಮೈತುಂಬ ನನ್ನ ಹೆಬ್ಬೆಟ್ಟಿನ ಗೆರಿ,
ಮುಟ್ಟಿದಾಗೊಮ್ಮೆ ಬ್ಯಾರೆ ಗೆರಿ,
ಓಡಿಸಿದ್ರ ಚರ್ಮ ಥರ್ ಅಂತೈತಿ
ನೊಣ ಕೂತಂಗ.
ಅದನ್ನ ನಾ ಮಾಡಿದ್ದಲ್ಲ.
ಕಾಕಾ ಬಂದು ನೋಡಿ "ಇಷ್ಟನ?" ಅಂದ,
ಚಪ್ಪಲಿ ಮೆಟ್ಟಿದಾಂವ ತಿರುಗಿ ಬಂದು
"ಇನ್ನೊಮ್ಮಿ ಹಚ್ಚು" ಅಂದ.

ಮರುದಿನ ಮುಂಜಾನೆ ಓಣಿ ಹುಡುಗುರು
ತಮ್ಮ ಕುಂಟೆತ್ತು ಹಿಡಕೊಂಡು ಬಾಗಿಲಿಗೆ ಬಂದರು,
ಜ್ವಾಳಕ್ಕ.
ಅವ್ವ ಎರಡು ಬೊಗಸಿ ನೀಡಿದಳು,
ಮಣಿ ಮ್ಯಾಲ ಒಂಟಿ ಕಾಳೊಂದು ಬಿದ್ದಿತ್ತಲ್ಲ
ಅದನ್ನೂ ಬಳದು ಹಾಕಿದಳು.
ನನ್ನ ಅಳತಿ ಅಂಗಡಿಗೆ ಹೋತು, ಚುನಮರಿ ಆಗಾಕ.

ಚೀಲದಾಗ ಕೈ ಹಾಕಿ ಇನ್ನೊಂದು ಆರಿಸೇನಿ.
ಇದು ಚೂರು ದಪ್ಪ.
ಇವತ್ತಿಂದ ಎತ್ತು
ಸ್ವಲ್ಪ ಬಿರುಸು ನಡೀತೈತಿ.